ಕೆಚ್ಚಲು ತುಂಬಿದ ಒಂಟೆ ಮತ್ತು ಹಳೆಯ ಪಿಕಪ್ ಗಾಡಿ

ಮಾರುವ ಮುನ್ನ ವಸ್ತುವನ್ನು ದುರಸ್ತಿ ಮಾಡಿಸುವುದು ತಪ್ಪೇ? ಖಂಡಿತ ಅಲ್ಲ. ಅದರಿಂದ ಒಳ್ಳೆಯ ಬೆಲೆ ಬಂದರೆ ಶರೀಅತ್ ತಡೆಯುವುದಿಲ್ಲ. ಆದರೆ ದೋಷವನ್ನು ನಿವಾರಿಸುವ ದುರಸ್ತಿ ಬೇರೆ, ದೋಷ ಕಣ್ಣಿಗೆ ಬೀಳದಂತೆ ಮಾಡುವ ದುರಸ್ತಿ ಬೇರೆ. ತರಗತಿಯಲ್ಲಿ ಹಲವು ವರ್ಷ ಬೋಧಿಸಿದ ಈ ಪಾಠ ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯಂಗಳಕ್ಕೇ ಬಂದಿತು.

ಹೆಬ್ಬಳ್ಳಿಯಲ್ಲಿರುವ ನನ್ನ ತಮ್ಮನ ಜೀವನೋಪಾಯ ಒಂದು ಪಿಕಪ್ ಗಾಡಿ. ಸುತ್ತಲಿನ ಎರೆಹೊಲಗಳ ಹತ್ತಿ, ಮೆಣಸಿನಕಾಯಿಗಳನ್ನು ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಸಾಗಿಸುತ್ತಿದ್ದನು. ಹತ್ತು ವರ್ಷ ಹಳೆಯದಾದ ಆ ಗಾಡಿ ಒಂದು ರಾತ್ರಿ ರಸ್ತೆಬದಿಯ ಮರಕ್ಕೆ ಗುದ್ದಿತು. ಅಲ್ಲಾಹನ ಕೃಪೆಯಿಂದ ಅವನು ಪಾರಾದನು. ಗಾಡಿಯ ಮುಂಭಾಗ ಜಜ್ಜಿ, ಚಾಸಿ ಬಾಗಿ ಬಿರುಕುಬಿಟ್ಟಿತು. ಮಗಳ ನಿಕಾಹ್ ನಿಶ್ಚಯವಾಗಿತ್ತು, ಮಾರದೆ ವಿಧಿಯಿರಲಿಲ್ಲ. ಚಾಸಿಯನ್ನು ನೆಟ್ಟಗಾಗಿಸಿ ಬಿರುಕಿಗೆ ವೆಲ್ಡಿಂಗ್ ಮಾಡಿಸಿದನು. ಅದರ ಮೇಲೆ ಕಪ್ಪು ಬಣ್ಣ, ಹೊರಮೈಗೆ ಹೊಸ ಪೇಂಟು ಬಳಿದು ಸುಮ್ಮನಿದ್ದರೆ 60,000 ರೂಪಾಯಿ ಹೆಚ್ಚು ಸಿಗುತ್ತದೆಂದು ಗ್ಯಾರೇಜಿನವರು ಹೇಳಿದ್ದರಂತೆ.

“ಭಾಯಿ, ಕೇಳಿದರೆ ಸುಳ್ಳು ಹೇಳುವುದಿಲ್ಲ. ಕೇಳದಿದ್ದರೆ ನಾನೇಕೆ ಹೇಳಬೇಕು?” ಎಂದನು.

ಇದು ಬಾಲಿಶ ಪ್ರಶ್ನೆಯಲ್ಲ. ನಮ್ಮ ದೇಶದ 1872ರ ಕರಾರು ಕಾಯ್ದೆಯ 17ನೇ ಕಲಮು ವಂಚನೆಯನ್ನು ವಿವರಿಸುವಾಗ ಕುದುರೆಯೊಂದರ ಉದಾಹರಣೆ ಕೊಡುತ್ತದೆ. ಅದರ ದೋಷ ತಿಳಿದಿದ್ದೂ ಹರಾಜಿನಲ್ಲಿ ಮಾರುವವನು ಏನನ್ನೂ ಹೇಳದಿದ್ದರೆ ಅದು ವಂಚನೆಯಲ್ಲ.

ಪ್ರವಾದಿವರ್ಯ(ಸ)ರ ಬೋಧನೆಯಲ್ಲಿ ಬರುವುದು ಒಂಟೆ ಮತ್ತು ಆಡು. ಮಾರುವ ಮುನ್ನ ಕೆಲವು ದಿನ ಕರೆಯದೆ ಬಿಟ್ಟರೆ ಕೆಚ್ಚಲು ತುಂಬಿ, ಕೊಳ್ಳುವವನಿಗೆ ಬಹಳ ಹಾಲು ಕೊಡುವ ಪ್ರಾಣಿಯಂತೆ ಕಾಣುತ್ತದೆ. ಇದನ್ನು ನಿಷೇಧಿಸುವ ಹದೀಸ್ ಬುಖಾರಿ ಮತ್ತು ಮುಸ್ಲಿಮ್‌ಗಳಲ್ಲಿದೆ. (ಪ್ರಾಣಿಯನ್ನು ಮರಳಿಸುವ ವಿಧಾನದಲ್ಲಿ ನಮ್ಮ ಹನಫಿ ವಿದ್ವಾಂಸರ ಅಭಿಪ್ರಾಯ ಬೇರೆ, ಕೃತ್ಯ ನಿಷಿದ್ಧವೆಂಬುದರಲ್ಲಿ ಭಿನ್ನಮತವಿಲ್ಲ.) ಗಮನಿಸಿ, ಇಲ್ಲಿ ಮಾರುವವನು ಒಂದು ಸುಳ್ಳನ್ನೂ ಆಡಿಲ್ಲ. ಅವನ ಪರವಾಗಿ ಕೆಚ್ಚಲು ಆಡಿದೆ.

“ಆದದ್ದು ಅಪಘಾತ, ನನ್ನ ತಪ್ಪೇನು?” ಎಂಬ ವಾದವೂ ಹೊಸತಲ್ಲ. ಪ್ರವಾದಿ(ಸ)ರು ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ತೇವ ತಗುಲಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದನು. ಮಳೆಗಾಗಿ ಅವನನ್ನು ಯಾರೂ ದೂರಲಿಲ್ಲ; ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಕೇಳಲಾಯಿತು. ಧಾನ್ಯ ಕೆಟ್ಟರೆ ಹಣ ನಷ್ಟ. ಟನ್ನುಗಟ್ಟಲೆ ಹೇರು ಹೊತ್ತ ಚಾಸಿ ಮುರಿದರೆ ಹೋಗುವುದು ಯಾರದೋ ಮಗನ ಪ್ರಾಣ.

ಹಾಗೆಂದು ವೆಲ್ಡಿಂಗನ್ನು ಬರಿದೇ ಬಿಡಬೇಕೆಂದು ನಾನು ಹೇಳಲಿಲ್ಲ. ತುಕ್ಕು ಹಿಡಿಯದಿರಲು ಬಣ್ಣ ಬೇಕೇ ಬೇಕು. ಹೇಳಿ ಮಾರಿದರೆ ಅದು ಬರಿಯ ಬಣ್ಣ.

ತಮ್ಮನು ಬ್ರೇಕು, ದೀಪಗಳನ್ನು ಸರಿಪಡಿಸಿ, ಬಂದವರಿಗೆಲ್ಲ ಚಾಸಿಯ ವಿಷಯ ತಿಳಿಸಿದನು. ಇಬ್ಬರು ಕೇಳಿ ಹೊರಟುಹೋದರು. ಮೂರನೆಯವರು ನವಲಗುಂದ ಕಡೆಯ ರೈತರು. ತಮ್ಮದೇ ಮಿಸ್ತ್ರಿಯನ್ನು ಕರೆತಂದು, ಗಾಡಿಯ ಕೆಳಗೆ ಮಲಗಿಸಿ ನೋಡಿಸಿ, 45,000 ರೂಪಾಯಿ ಇಳಿಸಿ ಕೊಂಡರು. ಫಾರಂ 29, 30ಕ್ಕೆ ಅಂದೇ ಸಹಿಯಾಯಿತು.

ವಲೀಮಾದ ಲೆಕ್ಕ ಬೀಗರದಾದರೂ ನಿಕಾಹ್ ದಿನದ ಊಟದ ಪಟ್ಟಿಯಿಂದ ನಾವು ನೂರೈವತ್ತು ಜನರನ್ನು ಬಿಡಬೇಕಾಯಿತು. ತಮ್ಮನ ಹೆಂಡತಿ ಈಗಲೂ ನನಗೆ ಚಹಾ ತಂದಿಟ್ಟು, ಮಾತನಾಡದೆ ಒಳಗೆ ಹೋಗುತ್ತಾಳೆ.