ಅಡ್ಡ ಬಾಟಲಿ, ಅರ್ಧ ಟಿಕೀಟು

ಮಹಾರಾಷ್ಟ್ರದ ಲಾತೂರ ಜಿಲ್ಲೆಯಲ್ಲಿ, ಕರ್ನಾಟಕದ ಗಡಿಗೆ ಹತ್ತಿದ ವಲಾಂಡಿ ಕಡೆಯ ಹಳ್ಳಿಗಳಲ್ಲಿ ಗ್ರಾಮಸಭೆಗೆ ಹೇಳಿದ ಹೊತ್ತಿಗೆ ಸರಿಯಾಗಿ ಹೋಗುವವನು ಒಂದೋ ಹೊಸದಾಗಿ ಬದಲಿಯಾಗಿ ಬಂದ ಗ್ರಾಮಸೇವಕ, ಇಲ್ಲವೇ ಮನೆಯಲ್ಲಿ ಜಗಳ ತೆಗೆದು ಹೊರಬಿದ್ದವನು. ಉಳಿದವರಿಗೆಲ್ಲ ಕಾಯ್ದೆ ಗೊತ್ತು. ಮತದಾರರಲ್ಲಿ ನೂರಕ್ಕೆ 15 ಮಂದಿಯೋ ಒಟ್ಟು 100 ಮಂದಿಯೋ, ಯಾವುದು ಕಡಿಮೆಯೋ ಅಷ್ಟು ಜನ ಕೂಡದಿದ್ದರೆ ಸಭೆ ತಹಕೂಬ. ಹೀಗೆ ಮುಂದಕ್ಕೆ ಹೋದ ಸಭೆ ಮತ್ತೆ ಕೂತಾಗ ಎಷ್ಟು ಜನ ಬಂದರೂ ನಡೆಯುತ್ತದೆ. ಕಾಯ್ದೆ ಬರೆದ ಪುಣ್ಯಾತ್ಮನೂ ಯಾವುದೋ ಹಳ್ಳಿಯ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡವನೇ ಇರಬೇಕು.

ಸಭೆಯಲ್ಲಿ ಮಾತು ಕನ್ನಡದಲ್ಲಿ ಶುರುವಾಗಿ, ಸಿಟ್ಟು ಬಂದಾಗ ಮರಾಠಿಗೆ ಹೊರಳಿ, ಬೈಗುಳಕ್ಕೆ ಬಂದಾಗ ಮತ್ತೆ ಕನ್ನಡಕ್ಕೇ ಬರುತ್ತದೆ. ಠರಾವಿನ ವಹಿಯಲ್ಲಿ ಮಾತ್ರ ಎಲ್ಲವೂ ಶುದ್ಧ ಮರಾಠಿ. ಒಮ್ಮೆ ಚರಂಡಿ ಯಾರ ಮನೆ ಮುಂದಿನಿಂದ ಹೋಗಬೇಕು ಎಂದು ಇಬ್ಬರು ಕೊರಳಪಟ್ಟಿ ಹಿಡಿದು ನಿಂತಿದ್ದರು. ಆಮೇಲೆ ವಹಿ ತೆಗೆದು ಓದಿದರೆ ‘ಚರ್ಚೆಯ ನಂತರ ಸರ್ವಾನುಮತದಿಂದ ಮಂಜೂರು’ ಎಂದಿದೆ. ಸೂಚಕರು ಒಬ್ಬರು, ಅನುಮೋದಕರು ಇನ್ನೊಬ್ಬರು. ಅದೇ ಇಬ್ಬರು! ಮರಾಠಿ ಬರವಣಿಗೆ ನೆಟ್ಟಗಿದೆ ಎಂಬ ಒಂದೇ ಕಾರಣಕ್ಕೆ ಊರಿನ ಅರ್ಧ ಅರ್ಜಿಗಳು ನನ್ನ ಕೈಯಲ್ಲೇ ಆಗುವುದರಿಂದ ಇಂಥ ವಹಿಗಳನ್ನು ಇಣುಕಿ ನೋಡುವ ಭಾಗ್ಯ ನನಗೆ ಸಿಕ್ಕಿದೆ.

ಮೇಲಿನವರು ಮಾಡಿದ ತೀರ್ಮಾನ ನಮ್ಮ ತಲೆಯ ಮೇಲೆ ಬಂದು ಇಳಿಯುವುದೇನೂ ಹೊಸದಲ್ಲ. ನಮ್ಮ ಮುತ್ಯಾನದೊಂದು ಖಟ್ಲೆ ಇತ್ತು. ಹೊಲದ ಬದುವಿನ ಮೇಲಿನ ಬೇವಿನ ಮರ ಯಾರದು ಎಂಬುದಷ್ಟೇ ತಕರಾರು. ನಿಜಾಮನ ಕಾಲಕ್ಕೆ ನಿಲಂಗಾ, ಉದಗೀರ ಎರಡೂ ಬೀದರ ಜಿಲ್ಲೆಯ ತಾಲೂಕುಗಳು. ಮುತ್ಯಾ ರೊಟ್ಟಿ ಬುತ್ತಿ ಕಟ್ಟಿಕೊಂಡು ಬೀದರಕ್ಕೆ ಓಡಾಡಿದ. 1956ರ ನವೆಂಬರ್ 1ಕ್ಕೆ ತಾಲೂಕುಗಳು ಉಸ್ಮಾನಾಬಾದಿನ ಪಾಲಾದವು. ಮುತ್ಯಾ ಬುತ್ತಿಯ ದಿಕ್ಕು ಬದಲಿಸಿದ. 1982ರಲ್ಲಿ ಲಾತೂರ ಜಿಲ್ಲೆಯಾಯಿತು. ಅಷ್ಟರಲ್ಲಿ ಮುತ್ಯಾನ ಕಾಲು ಸೋತಿದ್ದವು, ಬುತ್ತಿ ಅಪ್ಪನ ಕೈಗೆ ಬಂತು. ಮರ ನಿಂತಲ್ಲೇ ನಿಂತಿತ್ತು, ಅದರ ಖಟ್ಲೆ ಮೂರು ಜಿಲ್ಲೆ ಕಂಡಿತು. ಕಡೆಗೆ ಮರವೇ ಒಣಗಿ ತೀರ್ಪು ಕೊಟ್ಟಿತು. ಈಗ ನಮ್ಮದು ದೇವಣಿ ತಾಲೂಕು. ದೇವಣಿ ಎಂದರೆ ದೇಶಕ್ಕೆಲ್ಲ ನೆನಪಾಗುವುದು ಆ ಹೆಸರಿನ ದನದ ತಳಿ. ಮನುಷ್ಯರೂ ಇದ್ದೇವೆ ಎಂದು ನಾವೇ ಹೇಳಿಕೊಳ್ಳಬೇಕು.

ಮನೆಯ ವಿಷಯಕ್ಕೆ ಬಂದರೆ ನಗು ಸ್ವಲ್ಪ ತಡೆಯುತ್ತದೆ. 1993ರ ಸೆಪ್ಟೆಂಬರ್ 30. ಗಣಪತಿಯನ್ನು ನೀರಿಗೆ ಬಿಟ್ಟು ಬಂದು ದಣಿದು ಮಲಗಿದ ರಾತ್ರಿ, ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಭೂಕಂಪ. ಕಿಲ್ಲಾರಿ, ಸಾಸ್ತೂರ ಕಡೆ ಮಲಗಿದವರು ಏಳಲಿಲ್ಲ. ಎಂಟು–ಹತ್ತು ಸಾವಿರ ಜೀವ. ನಮ್ಮ ಸೀಮೆಯ ಮನೆಗಳೆಂದರೆ ಮಣ್ಣಿನಲ್ಲಿ ಕಲ್ಲು ಕೂರಿಸಿದ ಮೊಳದಗಲದ ಗೋಡೆ, ಮೇಲೆ ತೊಲೆ ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿಸುವುದು ಮನೆತನದ ಮರ್ಯಾದೆಯ ಪ್ರಶ್ನೆ. ಎಷ್ಟು ದಪ್ಪ ಮಾಳಿಗೆಯೋ ಅಷ್ಟು ತಂಪು, ಅಷ್ಟು ದೊಡ್ಡ ಹೆಸರು. ತಲೆತಲಾಂತರದಿಂದ ಏರಿಸಿಟ್ಟ ಆ ಮರ್ಯಾದೆಯೆಲ್ಲ ಅವತ್ತು ಮಲಗಿದವರ ಎದೆಯ ಮೇಲೆ ಬಿತ್ತು. ವಲಾಂಡಿ ಅಲ್ಲಿಂದ ಮೂಡಲಿಗೆ ದೂರವಿದ್ದುದರಿಂದ ನಾವು ನಡುಗಿ ಉಳಿದೆವು. ಆಮೇಲೆ ಎಷ್ಟೋ ಕಾಲ ಊರಿಗೆ ಊರೇ ಅಂಗಳದಲ್ಲಿ ಮಲಗುತ್ತಿತ್ತು. ನನ್ನ ವಾರಿಗೆಯವರಿಗೆ ನಕ್ಷತ್ರಗಳ ಹೆಸರು ಗೊತ್ತಿದ್ದರೆ ಅದು ಶಾಲೆಯ ದೆಸೆಯಿಂದಲ್ಲ.

ನೆಲಸಮವಾದ 52 ಹಳ್ಳಿಗಳನ್ನು ಹೊಸ ಜಾಗದಲ್ಲಿ ಕಟ್ಟಬೇಕೆಂದು ಸರ್ಕಾರ ತೀರ್ಮಾನಿಸಿತು. ವಿಶ್ವಬ್ಯಾಂಕಿನ ಸಾಲ ಬಂತು, ನಕಾಶೆ ಬಂತು. ಹೊಲ ಇಲ್ಲದವರಿಗೆ, ಚೂರುಪಾರು ಇದ್ದವರಿಗೆ 250 ಚದರಡಿ, ನಡುವಿನವರಿಗೆ 450, ದೊಡ್ಡ ಹಿಡುವಳಿಯವರಿಗೆ 750. ಉಮರ್ಗಾ ತಾಲೂಕಿನ ನಮ್ಮ ಮಾಮಾನಿಗೆ 450ರದು ಸಿಕ್ಕಿತು. ಗಟ್ಟಿ ಮನೆ, ನೆಟ್ಟಗಿನ ರಸ್ತೆ, ಎರಡು ಬಂಡಿ ಎದುರಾದರೂ ದಾಟಬಹುದಾದಷ್ಟು ಅಗಲ. ಅದನ್ನು ಹಳಿಯಲು ನನಗೆ ಬಾಯಿಲ್ಲ. ಆ ಮನೆಗಳು ಬೀಳುವುದಿಲ್ಲ ಎಂಬ ಧೈರ್ಯದ ಮೇಲೆ ಒಂದು ಇಡೀ ತಲೆಮಾರು ನಿದ್ದೆ ಮಾಡಿದೆ. ಆದರೆ ಮಾಮಾನ ದುಃಖ ಬೇರೆ. ಹಳೇ ಊರಿನಲ್ಲಿ ಹತ್ತೆಕರೆಯವನೂ ಎರಡೆಕರೆಯವನೂ ಒಂದೇ ಬಣ್ಣದ ಮಣ್ಣಿನ ಗೋಡೆಯ ಹಿಂದೆ ಇದ್ದರು. ಯಾರ ಹಗೇವಿನಲ್ಲಿ ಎಷ್ಟು ಜೋಳ ಎಂದು ಗೋಡೆಗೆ ಕಿವಿಯಿಟ್ಟೇ ತಿಳಿಯಬೇಕು. ಹೊಸ ಊರಿನಲ್ಲಿ ಸರ್ಕಾರ ಅದನ್ನೆಲ್ಲ ಚದರಡಿಯಲ್ಲಿ ಕಟ್ಟಿ ರಸ್ತೆಗೆ ತೋರಿಸಿಬಿಟ್ಟಿತು. ಹೆಣ್ಣು ಕೊಡಲು ಬಂದವರು ವರನ ಗುಣ ಕೇಳುವ ಮೊದಲೇ ಮನೆಯ ಅಳತೆ ನೋಡಿ ಚಹಾ ಕುಡಿಯದೇ ಏಳುತ್ತಿದ್ದರಂತೆ. ‘ಮೊದಲು ಒಲಿ ಮುಂದ ಕೂತು ಕೂಗಿದ್ರ ಬಾಜು ಮನಿಯಿಂದ ಉಪ್ಪು ಬರ್ತಿತ್ತು. ಈಗ ಉಪ್ಪು ತರಲಿಕ್ಕ ಗಾಡಿ ಕಿಕ್ ಹೊಡಿಬೇಕು’ ಎನ್ನುತ್ತಾನೆ.

ಈಗಿನ ಘರಕುಲ, ಅಂದರೆ ಸರ್ಕಾರಿ ನೆರವಿನ ಮನೆಯದು ಚಿಕ್ಕ ಕಥೆ: ಕೇಂದ್ರದ ಯೋಜನೆಯಲ್ಲಿ 1 ಲಕ್ಷ 20 ಸಾವಿರ, ಅದೂ ಕಂತಿನಲ್ಲಿ, ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೊ. ಉಸುಕಿನ ದರ ಕೇಳಿದ ಮೇಲೆ ಫೋಟೊಕ್ಕೆ ನಗುಮುಖ ಬರುವುದು ಕಷ್ಟ.

ಊರಿನ ಸುರಕ್ಷೆಯ ಮಾತು ಬಂದಾಗ ಹೆಂಗಸರ ಕೈಗೆ ಒಂದು ವಿಚಿತ್ರ ಅಧಿಕಾರವಿದೆ. ಮಹಾರಾಷ್ಟ್ರದಲ್ಲಿ ಊರಿನ ಹೆಂಗಸರಲ್ಲಿ ಕಾಲು ಪಾಲು ಜನ ಕೇಳಿದರೆ ಸೆರೆ ಅಂಗಡಿ ಬೇಕೋ ಬೇಡವೋ ಎಂದು ಮತಕ್ಕೆ ಹಾಕಬೇಕು. ಮತಚೀಟಿಯಲ್ಲಿ ಎರಡು ಚಿತ್ರ. ನಿಂತ ಬಾಟಲಿ, ಅಡ್ಡ ಮಲಗಿದ ಬಾಟಲಿ. ಜನರ ಬಾಯಲ್ಲಿ ಉಭಿ ಬಾಟಲಿ, ಆಡವಿ ಬಾಟಲಿ. ಮತಪಟ್ಟಿಯಲ್ಲಿರುವ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಡ್ಡ ಬಾಟಲಿಗೆ ಒತ್ತಿದರೆ ಅಂಗಡಿ ಮುಚ್ಚಿತು. ಲೆಕ್ಕ ಮತ ಹಾಕಲು ಬಂದವರದ್ದಲ್ಲ, ಪಟ್ಟಿಯಲ್ಲಿರುವವರದ್ದು. ಕಬ್ಬು ಕಡಿಯಲು ಹೋದವಳು, ಪುಣೆಯಲ್ಲಿ ಇಟ್ಟಿಗೆ ಹೊರುವವಳು, ಹೈದರಾಬಾದಿನಲ್ಲಿ ಮಗಳ ಬಾಣಂತನಕ್ಕೆ ಕೂತವಳು, ಇವರೆಲ್ಲ ತಮಗೇ ಗೊತ್ತಿಲ್ಲದೆ ನಿಂತ ಬಾಟಲಿಗೆ ಆಸರೆ ಕೊಟ್ಟ ಹಾಗೆ. ಈ ಚಿತ್ರಗಳ ಸಂಗತಿ ಹೇಳಿದಾಗ ನಮ್ಮ ಸೋದರತ್ತಿ ಬಾಯಿಗೆ ಸೆರಗು ಹಿಡಿದು ನಕ್ಕಳು. ‘ತಮ್ಮಾ, ನಮ್ಮ ಮನ್ಯಾಗ ಬಾಟಲಿ ಯಾವತ್ತೂ ನಿಂತೇ ಇರ್ತಿತ್ತು. ಅಡ್ಡ ಬೀಳ್ತಿದ್ದಾಂವ ನಿಮ್ಮ ಮಾಮಾ.’ ಈ ಕಡೆಯ ಬಾಟಲಿ ಮಲಗಿದರೂ ಗಡಿಯಾಚೆಯದು ನಿಂತೇ ಇರುತ್ತದೆ. ಕುಡುಕನಿಗೆ ನಷ್ಟವೆಂದರೆ ಬಸ್ ಚಾರ್ಜು ಮಾತ್ರ.

ಇದೇ ಸುರಕ್ಷೆಯ ಹೆಸರಿನಲ್ಲಿ 2016ರ ಬರಗಾಲಕ್ಕೆ ಲಾತೂರಿನ ನೀರಿನ ಟಾಕಿಗಳ ಸುತ್ತ 144ನೇ ಕಲಂ ಹಾಕಿದ್ದರು. ನೀರಿನ ಹತ್ತಿರ ಐದು ಜನ ಕೂಡಬಾರದು. ಐದು ಜನ ಇಲ್ಲದ ನಲ್ಲಿಯನ್ನು ಆ ವರ್ಷ ಯಾರೂ ಕಂಡಿರಲಿಲ್ಲ. ಮಿರಜಿನಿಂದ ರೈಲಿನಲ್ಲಿ ನೀರು ಬಂತು. ರೈಲು ನೋಡಲು ಹೋದವರನ್ನು ಪೊಲೀಸರು ಯಾವ ಕಲಮಿನಲ್ಲಿ ಚದುರಿಸಿದರೋ!

ಇನ್ನು ಕೂಲಿ. 1972ರ ಬರದಲ್ಲಿ ಅಪ್ಪ ಅವ್ವ ಇಬ್ಬರೂ ಖಡಿ ಒಡೆದವರು. ಆಗ ಹುಟ್ಟಿದ ರೋಜಗಾರ ಹಮಿಯೇ ಮುಂದೆ ಇಡೀ ದೇಶದ ಉದ್ಯೋಗ ಖಾತ್ರಿಗೆ ದಾರಿ ತೋರಿಸಿತು ಎಂದು ಮಹಾರಾಷ್ಟ್ರ ಎದೆಯುಬ್ಬಿಸಿ ಹೇಳುತ್ತದೆ, ಹೇಳಲಿ, ನಿಜವೇ. ಆದರೆ 2024ರಲ್ಲಿ ಖಾತ್ರಿ ಕೆಲಸದ ದಿನಗೂಲಿ ಕರ್ನಾಟಕದಲ್ಲಿ 349 ರೂಪಾಯಿ, ದಾರಿ ತೋರಿಸಿದವರಲ್ಲಿ 297. ಮರುವರ್ಷ ಅಲ್ಲಿ 370, ಇಲ್ಲಿ 312. ಅಂತರ ಐವತ್ತೆರಡರಿಂದ ಐವತ್ತೆಂಟಕ್ಕೆ ಏರಿತು. ಬೆಲೆಸೂಚ್ಯಂಕ ನೋಡಿ ರಾಜ್ಯವಾರು ದರ ಕಟ್ಟುವುದು ದಿಲ್ಲಿಯವರು. ಗಡಿಕಲ್ಲಿನ ಆಚೆ ಈಚೆ ಒಂದೇ ಎರೆಮಣ್ಣು, ಒಂದೇ ಬಿಸಿಲು, ಒಂದೇ ಸಂತೆಯ ಜೋಳ. ಸೂಚ್ಯಂಕ ಮಾತ್ರ ಕಲ್ಲು ನೋಡಿ ನಿಂತುಬಿಡುತ್ತದೆ. ‘ಆಚಿ ಕಡಿ ಸಲಿಕಿಗಿ ಬಂಗಾರದ ಕಾವು ಅದ ಏನ್ರೀ?’ ಎಂದು ಒಬ್ಬ ಗ್ರಾಮಸಭೆಯಲ್ಲಿ ಕೇಳಿದ. ಸರಪಂಚರು, ಇದು ನಮ್ಮ ಕಕ್ಷೆಗೆ ಬರುವುದಿಲ್ಲ ಎಂದರು. ಅದು ಸತ್ಯ. ನಮ್ಮ ಸರಪಂಚರ ಕಕ್ಷೆಗೆ ಬರುವುದು ಬೀದಿದೀಪದ ಬಲ್ಬು; ಅದೂ ಬಿಲ್ಲು ಕಟ್ಟಿದ್ದರೆ.

ಬಸ್ಸಿನ ವಿಷಯದಲ್ಲಿ ಮಾತ್ರ ನಾನು ಎಸ್.ಟಿ., ಅಂದರೆ ಮಹಾರಾಷ್ಟ್ರದ ಸರ್ಕಾರಿ ಬಸ್ಸಿನ ಕಡೆಯವನು. ಊರಿದ್ದಲ್ಲಿ ರಸ್ತೆ, ರಸ್ತೆಯಿದ್ದಲ್ಲಿ ಎಸ್.ಟಿ. ಎಂಬ ಘೋಷಣೆ ಗೋಡೆಯ ಮೇಲೆ ನೋಡಿಯೇ ಓದು ಕಲಿತವನು. 2021ರ ಅಕ್ಟೋಬರ್ ಕೊನೆಗೆ, ತಮ್ಮನ್ನು ಸರ್ಕಾರಿ ನೌಕರರೆಂದು ವಿಲೀನ ಮಾಡಿಕೊಳ್ಳಿ ಎಂದು ಚಾಲಕರು, ಕಂಡಕ್ಟರುಗಳು ಮುಷ್ಕರ ಹೂಡಿದಾಗ ಹಳ್ಳಿಗಳ ಗಡಿಯಾರವೇ ನಿಂತಿತು. ನಮ್ಮಲ್ಲಿ ಹೊತ್ತು ತಿಳಿಯುವುದು ಬಸ್ಸಿನಿಂದ. ಕೆಲಸಕ್ಕೆ ಮರಳಲು ಮುಂಬಯಿ ಹೈಕೋರ್ಟು ಕೊಟ್ಟ ಕಡೆಯ ಗಡುವು 2022ರ ಏಪ್ರಿಲ್ 22. ಉದಗೀರದಲ್ಲಿ 95ನೇ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ಶುರುವಾದದ್ದೂ ಅದೇ ದಿನ. ಸಾಹಿತ್ಯದಿಂದ ಏನು ಉಪಯೋಗ ಎಂದು ಕೇಳುವವರಿಗೆ ನಾನು ಈ ತಾರೀಖು ತೋರಿಸುತ್ತೇನೆ.

ಮರುವರ್ಷ ಮಾರ್ಚಿನಿಂದ ಎಸ್.ಟಿ.ಯಲ್ಲಿ ಹೆಂಗಸರಿಗೆ ಅರ್ಧ ಟಿಕೀಟು. ಅರವತ್ತೈದು ದಾಟಿದವರಿಗೆ ಅರ್ಧ ಮೊದಲೇ ಇತ್ತು, ಎಪ್ಪತ್ತೈದಾದವರಿಗೆ ಪೂರ್ತಿ ಮಾಫಿ. ನಮ್ಮ ಸೋದರತ್ತಿ ಹುಟ್ಟಿದ್ದು ರಜಾಕಾರರ ಗದ್ದಲದ ವರ್ಷ, ಅಂದರೆ 1948. ಆಧಾರ ಮಾಡಿಸಲು ಹೋದಾಗ ಗದ್ದಲದ ಕಥೆ ಕೇಳುವಷ್ಟು ಪುರಸೊತ್ತು ಆ ಹುಡುಗನಿಗೆ ಇರಲಿಲ್ಲ. ಮುಖ ನೋಡಿ 1955ರ ಜನವರಿ 1 ಎಂದು ಒತ್ತಿದ. ಏಳು ವರ್ಷ ಕಡಿಮೆಯಾಯಿತೆಂದು ಅತ್ತಿ ಆಗ ಹಿಗ್ಗಿದ್ದಳು. ಈಗ ಅದೇ ಕಾಡುತ್ತಿದೆ. ಉದಗೀರದ ಬಸ್ಸಿನಲ್ಲಿ ಅವಳು ಕಂಡಕ್ಟರನಿಗೆ ಲೆಕ್ಕ ಒಪ್ಪಿಸಿದಳು: ‘ಹೆಣ್ಣು ಅಂತ ಒಂದು ಅರ್ಧ ಮಾಫಿ, ಮುದುಕಿ ಅಂತ ಒಂದು ಅರ್ಧ. ಎರಡು ಅರ್ಧ ಕೂಡಿದ್ರ ಪೂರಾ ಆಗಲಿಲ್ಲೇನೋ ಅಪ್ಪಾ?’ ಕಂಡಕ್ಟರ್ ಬೆರಳು ಮಡಚಿ ನೋಡಿದ, ತಪ್ಪು ಸಿಗಲಿಲ್ಲ. ಆದರೂ ಟಿಕೀಟು ಹರಿದ.

ಅತ್ತಿ ತನ್ನ ಮಗಳನ್ನು ಕೊಟ್ಟದ್ದು ಗಡಿಯಾಚೆಯ ಭಾಲ್ಕಿಗೆ. 2023ರ ಜೂನ್‌ನಿಂದ ಕರ್ನಾಟಕದ ಬಸ್ಸಿನಲ್ಲಿ ಅಲ್ಲಿಯ ಹೆಂಗಸರಿಗೆ ಶಕ್ತಿ ಯೋಜನೆ, ಪೂರ್ತಿ ಉಚಿತ. ವಿಳಾಸ ಮಾತ್ರ ಕರ್ನಾಟಕದ್ದಿರಬೇಕು. ಭಾಲ್ಕಿಯಿಂದ ಬೀದರಕ್ಕೆ ಹೊರಟ ಬಸ್ಸಿನಲ್ಲಿ ತಾಯಿ ಮಗಳು ಒಂದೇ ಸೀಟಿನಲ್ಲಿ ಕೂತಿದ್ದರು. ನಾನು ಹಿಂದಿನ ಸೀಟಿನಲ್ಲಿದ್ದೆ. ಕಂಡಕ್ಟರ್ ಮಗಳಿಗೆ ಸೊನ್ನೆ ರೂಪಾಯಿಯ ಟಿಕೀಟು ಕೊಟ್ಟ, ತಾಯಿಯ ಆಧಾರ ತಿರುಗಿಸಿ ನೋಡಿ ಪೂರಾ ರೊಕ್ಕ ಕೇಳಿದ.

‘ಹೆತ್ತಾಕಿಗಿ ರೊಕ್ಕ, ಹುಟ್ಟಿದಾಕಿಗಿ ಫುಕಟ್. ಇದು ಯಾವ ನ್ಯಾಯ?’

‘ಆಯಿ, ನೀವು ಮಹಾರಾಷ್ಟ್ರದವರು.’

‘ಯಾಂವ ಹೇಳ್ದಾಂವ? ನಾ ಹುಟ್ಟಿದಾಗ ನಮ್ಮೂರು ಬೀದರ ಜಿಲ್ಲಾದಾಗೇ ಇತ್ತು. ನೀ ಇನ್ನಾ ಹುಟ್ಟಿದ್ದಿಲ್ಲ.’

ಬಸ್ಸು ತಿರುಗಿ ನೋಡಿತು. ಕಂಡಕ್ಟರ್ ಒಳ್ಳೆಯ ಮನುಷ್ಯ. ಒಂದು ಗಳಿಗೆ ನಿಜವಾಗಿಯೂ ಯೋಚನೆ ಮಾಡಿದ.

‘ಖರೆ ಅದ ಆಯಿ,’ ಎಂದ. ‘ಆದ್ರ ನೀವು ಹುಟ್ಟಿದಾಗ ಬಸ್ಸಿಗಿ ಎಲ್ಲಾರೂ ರೊಕ್ಕ ಕೊಡ್ತಿದ್ರು.’