ಅಜ್ಜನಮನೆಯಲ್ಲಿ ಕಲಿತ ಪಾಠ

ನಮ್ಮ ಶಾಲೆಯು ಸುವರ್ಣ ಮಹೋತ್ಸವವನ್ನಾಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಿದ್ದಾರೆ. ಮುಖ್ಯೋಪಾಧ್ಯಾಯನಾಗಿದ್ದವನು ಶಾಲೆಯ ಕುರಿತೇ ಬರೆಯುವುದು ವಾಡಿಕೆ. ಆದರೆ ಶಾಲೆಗೆ ಬೀಗ ಬಿದ್ದ ಎರಡು ತಿಂಗಳಲ್ಲಿ ಮಕ್ಕಳು ಕಲಿಯಬಹುದಾದ ಪಾಠವೊಂದಿದೆ. ಅದರ ಬಗ್ಗೆ ನಾಲ್ಕು ಮಾತು ಬರೆಯಬಯಸುತ್ತೇನೆ.

ನನ್ನ ಅಜ್ಜನಮನೆ ಇದ್ದುದು ಎಣ್ಮಕಜೆಯ ಗುಡ್ಡಗಳ ನಡುವೆ. ಬೇಸಗೆ ರಜೆ ಬಂದೊಡನೆ ತಾಯಿಯ ಜೊತೆ ಪೆರ್ಲದಲ್ಲಿ ಬಸ್ಸಿಳಿದು ಕಾಲುದಾರಿ ಹಿಡಿಯುತ್ತಿದ್ದೆ. ಕಾಟುಮಾವಿನ ಹಣ್ಣು, ಹಲಸಿನ ಹಪ್ಪಳ, ಸುಟ್ಟ ಗೇರುಬೀಜ ಇವಿಷ್ಟೇ ಅಂದಿನ ಆಕರ್ಷಣೆ. ಅಜ್ಜ ಮಿತಭಾಷಿ. ಅಜ್ಜಿ ಸದಾ ಅಡುಗೆಮನೆಯಲ್ಲಿ. ಅವರಿಗೂ ಒಂದು ಯೌವನವಿದ್ದಿತೆಂಬ ಯೋಚನೆ ನನ್ನ ಎಳೆಯ ಮನಸ್ಸಿಗೆ ಬಂದಿರಲಿಲ್ಲ.

1961ರ ರಜೆಯಲ್ಲಿ ಒಂದು ದಿನ ಅಜ್ಜ ನನ್ನನ್ನು ತೋಟದ ಮೇಲ್ಬದಿಯ ಸುರಂಗಕ್ಕೆ ಕರೆದೊಯ್ದರು. ನಮ್ಮ ಕಡೆ ಸುರಂಗವೆಂದರೆ ಮುರಕಲ್ಲಿನ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ನೀರಿನ ದಾರಿ. ಒಬ್ಬ ಮನುಷ್ಯ ನಡೆದು ಹೋಗುವಷ್ಟೇ ಅಗಲ. ಗುಡ್ಡದ ಒಡಲಲ್ಲಿ ಜಿನುಗುವ ನೀರು ತಾನಾಗಿ ಹರಿದು ಹೊರಬರುತ್ತದೆ. ಹಗ್ಗವೂ ಬೇಡ, ಪಂಪೂ ಬೇಡ. ಅದರ ಉದ್ದವನ್ನು ಅಳೆಯುವುದು ಕೋಲಿನ ಲೆಕ್ಕದಲ್ಲಿ. ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ಅಜ್ಜ ಮೇಣದ ಬತ್ತಿ ಹಚ್ಚಿಕೊಂಡು ಮುಂದೆ ನಡೆದರು. ಬತ್ತಿ ನಂದಿದರೆ ಒಳಗೆ ಉಸಿರಾಟಕ್ಕೆ ಗಾಳಿ ಸಾಲದೆಂದು ತಿಳಿದು ಕೂಡಲೇ ಹಿಂದಿರುಗಬೇಕೆಂದು ಹೇಳಿಕೊಟ್ಟರು. “ಇದು ಅರುವತ್ತು ಕೋಲು. ಎರಡು ಬೇಸಗೆ ಅಗೆದೆ” ಎಂದರು.

ರಾತ್ರಿ ಊಟದ ಹೊತ್ತಿಗೆ ನಾನು ಅದನ್ನೇ ಹೆಮ್ಮೆಯಿಂದ ಹೇಳಿದೆ. ಗಂಜಿ ಬಡಿಸುತ್ತಿದ್ದ ಅಜ್ಜಿ, “ಅಗೆದದ್ದು ಅವರು, ಸರಿ. ಮಣ್ಣು ಹೊತ್ತದ್ದು ಯಾರೂಂತ ಕೇಳು ಮಗಾ” ಎಂದರು. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, “ಇವಳೇ. ನಿನ್ನಮ್ಮ ಆಗ ಹಾಲು ಕುಡಿಯುವ ಮಗು. ಸುರಂಗದ ಬಾಯಲ್ಲಿ ಮಲಗಿಸಿ ಬುಟ್ಟಿ ಹೊರುತ್ತಿದ್ದಳು” ಎಂದರು. ಅಲ್ಲೇ ಕುಳಿತಿದ್ದ ನನ್ನ ತಾಯಿಗೂ ಅದು ಹೊಸ ಸಂಗತಿಯಾಗಿತ್ತು.

ಅಂದಿನಿಂದ ರಜೆಯಲ್ಲಿ ಹೋದಾಗಲೆಲ್ಲ ಅವರಿಬ್ಬರನ್ನು ಕೇಳತೊಡಗಿದೆ. ಮದರಾಸು ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ಅಜ್ಜ 1956ರ ನವೆಂಬರ್ 1ರಂದು, ಮನೆಯಂಗಳ ಬಿಟ್ಟು ಕದಲದೆಯೇ, ಕೇರಳದವರಾದರು. ಅಜ್ಜಿಗೆ ಓದು ಬಾರದು. ಆದರೆ ಆಳುಗಳೊಡನೆ ತುಳು, ಸಾಮಾನು ಹೊತ್ತು ತರುವ ವ್ಯಾಪಾರಿಗಳೊಡನೆ ಮಲಯಾಳ, ನಮ್ಮೊಡನೆ ಕನ್ನಡ, ಹೀಗೆ ಮೂರು ಭಾಷೆಗಳಲ್ಲಿ ಸಲೀಸಾಗಿ ಮಾತನಾಡುತ್ತಿದ್ದರು.

ಇಬ್ಬರೂ ಗತಿಸಿದ ಬಳಿಕ ಸೋದರಮಾವಂದಿರು ಪಾಲಾದಾಗ, ಪಾಲುಪತ್ರವನ್ನು ಎಲ್ಲರೆದುರು ಓದುವ ಕೆಲಸ ನನಗೆ ಬಂತು. ಅದರಲ್ಲಿ ಸುರಂಗವಿತ್ತು, ನೀರಿನ ಸರದಿಯಿತ್ತು, ಅಜ್ಜನ ಹೆಸರಿತ್ತು. ಮಣ್ಣು ಹೊತ್ತವರ ಹೆಸರಿರಲಿಲ್ಲ. ಕಾಗದಪತ್ರಗಳಲ್ಲಿ ಅಂಥ ಸಂಗತಿಗಳಿಗೆ ಸ್ಥಳವಿರುವುದಿಲ್ಲ. ಅವು ಹಿರಿಯರ ಬಾಯಲ್ಲಿರುತ್ತವೆ, ಕೇಳುವವರಿದ್ದರೆ ಮಾತ್ರ ಹೊರಬರುತ್ತವೆ.

ಈ ಕಾರಣದಿಂದಲೇ ನಾನು ಅಧ್ಯಾಪಕನಾದ ಮೇಲೆ ಬೇಸಗೆ ರಜೆಗೆ ಲೆಕ್ಕಗಳ ಬದಲು, ಅಜ್ಜ ಅಜ್ಜಿಯರನ್ನು ಕೇಳಿ ಎರಡು ಪುಟ ಬರೆದು ತನ್ನಿರೆಂದು ಮಕ್ಕಳಿಗೆ ಹೇಳುತ್ತಿದ್ದೆ. ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ ಆಡುವ ಮಕ್ಕಳು ಅದನ್ನು ಕನ್ನಡದಲ್ಲಿ ಬರೆದು ತರುತ್ತಿದ್ದರು. ನೇಜಿ ನೆಡುವಾಗ ಅಜ್ಜಿ ಹಾಡುತ್ತಿದ್ದ ತುಳು ಪಾಡ್ದನವನ್ನು ಕನ್ನಡ ಲಿಪಿಯಲ್ಲಿ ಬರೆದು ತಂದ ಬಾಲಕಿಯೊಬ್ಬಳು ಇಂದಿಗೂ ನೆನಪಿದ್ದಾಳೆ. ಗಡಿನಾಡಿನ ಕನ್ನಡ ಶಾಲೆಯೊಂದು ಸಲ್ಲಿಸಬಹುದಾದ ಸೇವೆಗಳಲ್ಲಿ ಇದು ಚಿಕ್ಕದೇನಲ್ಲ.

ಈಗ ಕೊಳವೆಬಾವಿಗಳು ಬಂದಿವೆ. ಅನೇಕ ಸುರಂಗಗಳು ಆರೈಕೆಯಿಲ್ಲದೆ ಕುಸಿದಿವೆ. ನಮ್ಮ ಪುಳ್ಳಿಗಳು ಬೆಂಗಳೂರಿನಿಂದಲೋ ಕೊಲ್ಲಿ ರಾಷ್ಟ್ರಗಳಿಂದಲೋ ನಾಲ್ಕು ದಿನದ ಮಟ್ಟಿಗೆ ಬರುತ್ತಾರೆ. ಹಲವರಿಗೆ ಕನ್ನಡ ಓದಲು ಬಾರದು. ಅದಕ್ಕಾಗಿ ಅವರನ್ನು ದೂರುವುದು ಸಲ್ಲದು. ಓದಲು ಬಾರದಿದ್ದರೂ ಕೇಳಲು ಬರುತ್ತದೆ. ಅವರು ಕೇಳಲಿ, ಹಿರಿಯರೂ ಬೇಸರಿಸದೆ ಹೇಳಲಿ.

ಪ್ರಿಯ ವಿದ್ಯಾರ್ಥಿಗಳೇ, ಮುಂದಿನ ರಜೆಯಲ್ಲಿ ಅಜ್ಜನಮನೆಗೆ ಹೋದಾಗ ಅಂಗಳದಲ್ಲಿ ಕುಳಿತ ಅಜ್ಜನನ್ನು ಕೇಳಿರಿ. ಆಮೇಲೆ ಅಡುಗೆಮನೆಗೂ ಹೋಗಿ ಅಜ್ಜಿಯನ್ನು ಕೇಳಿರಿ. ಇಬ್ಬರನ್ನೂ ಕೇಳಿದಾಗಲೇ ಕಥೆ ಪೂರ್ಣವಾಗುವುದು. ಕೇಳಿದ್ದನ್ನು ಈ ಶಾಲೆ ಕಲಿಸಿದ ಅಕ್ಷರಗಳಲ್ಲಿ ಬರೆದಿಡಿರಿ.

ನಮ್ಮ ಶಾಲೆಯು ಶತಮಾನೋತ್ಸವವನ್ನು ಕಾಣಲೆಂದು ಹಾರೈಸುತ್ತೇನೆ.