ಮರಾಠಿಯಲ್ಲಿ ಬಾಯಿಗೆ ಬಾರದ ಮಾತು

ಉಮರಗಾದ ಗೆಳತಿಗೆ,

ಸಂತೆಯಲ್ಲಿ ಮರಾಠಿ, ಮಕ್ಕಳ ಶಾಲೆಯಲ್ಲಿ ಮರಾಠಿ, ತವರೂರು ಉದಗೀರದ ಡಾಕ್ಟರ ಮುಂದೆಯೂ ಮರಾಠಿ. “ಆದ್ರ ಈ ಮಾತು ಮರಾಠಿಯೊಳಗ ಬಾಯಿಗೆ ಬರೂದಿಲ್ರಿ” ಎಂದು ಬರೆದಿದ್ದೀರಿ. ಕನ್ನಡದಲ್ಲೂ ಸಲೀಸಲ್ಲ ಬಿಡಿ. ನೀವದನ್ನು ಕೊನೆಯ ಪುಟದ ಅಂಚಿನಲ್ಲಿ, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ.

ಯಜಮಾನರಿಗೆ ಲಕ್ವ ಹೊಡೆದಾಗಿನಿಂದ ನಿಮ್ಮ ಹಾಸಿಗೆ ಪಡಸಾಲೆಗೆ ಬಂದಿದೆ. “ಹತ್ತಿರ ಹೋದರೆ ಇನ್ನೊಮ್ಮೆ ಹೊಡೆದೀತು” ಎಂದರಂತೆ ಅತ್ತೆ. ಬಿಪಿ ಹಿಡಿತದಲ್ಲಿದ್ದು, ಹೃದಯ ನೆಟ್ಟಗಿದ್ದು, ಡಾಕ್ಟರು ಹೂಂ ಅಂದರೆ ಗಂಡ ಹೆಂಡತಿ ಕೂಡುವುದರಿಂದ ಲಕ್ವ ಮರಳುವ ಸಂಭವ ತೀರ ಕಡಿಮೆ. ದೇಹಕ್ಕಾಗುವ ಶ್ರಮ ಎರಡು ಅಂತಸ್ತು ಮೆಟ್ಟಿಲು ಹತ್ತಿದಷ್ಟು. ಅವರು ಕೋಲೂರಿಕೊಂಡು ಮಾಳಿಗೆ ಹತ್ತಿ ತೊಗರಿ ಹರವಿ ಬರುತ್ತಾರೆಂದು ನೀವೇ ಬರೆದಿದ್ದೀರಲ್ಲ!

ಅವರಿಗೇ ಮನಸ್ಸಿಲ್ಲವೆಂದರೆ ಅದು ನಿಮ್ಮ ಮೇಲಿನ ಬೇಸರವಲ್ಲ. ಲಕ್ವ ಆದ ಸುಮಾರು 3 ಜನರಲ್ಲಿ ಒಬ್ಬರನ್ನು ಖಿನ್ನತೆ ಹಿಡಿಯುತ್ತದೆ, ಆಸೆ ಅದರಲ್ಲೇ ಬತ್ತಿಹೋಗುತ್ತದೆ. ಅಟೆನೊಲಾಲ್‌ನಂಥ ಬಿಪಿ ಗುಳಿಗೆಗಳೂ, ಖಿನ್ನತೆಗೆ ಕೊಡುವ ಕೆಲವು ಗುಳಿಗೆಗಳೂ ಹೀಗೆ ಮಾಡುವುದುಂಟು. ನೀವಾಗಿ ನಿಲ್ಲಿಸಬೇಡಿ, ಬದಲಿಸಿ ಕೊಡಿ ಎಂದು ಕೇಳಿ. ಮೆಡಿಕಲ್‌ನವರು ಕೈಗಿಡುವ ‘ಶಕ್ತಿ ಗುಳಿಗೆ’ಯಂತೂ ಬೇಡವೇ ಬೇಡ. ಎದೆನೋವಿನ ನೈಟ್ರೇಟ್ ಗುಳಿಗೆಯ ಜೊತೆ ಅದರಲ್ಲಿರಬಹುದಾದ ಸಿಲ್ಡೆನಾಫಿಲ್ ಹೊಟ್ಟೆಗೆ ಹೋದರೆ ಬಿಪಿ ಕುಸಿದು ಜೀವಕ್ಕೇ ಕುತ್ತು.

ಮೊದಲು ಹಾಸಿಗೆ ಒಳಗೆ ಒಯ್ಯಿರಿ. ಸೋತ ಬದಿಗೆ ಮುಟ್ಟಿದ್ದು ತಿಳಿಯದಿರಬಹುದು. ತಿಳಿಯುವ ಬದಿಗೆ ಮಲಗಿ, ಸೋತ ಕೈಯ ಕೆಳಗೊಂದು ದಿಂಬಿಡಿ. ಸದ್ಯಕ್ಕೆ ಅಷ್ಟು ಸಾಕು.

ಆಸೆ ಬತ್ತುವ ಮಾತು ಹಾಗಿರಲಿ, ನಿಲಂಗಾದ ನಿಮ್ಮ ದೊಡ್ಡಪ್ಪನ ಕತೆ ತದ್ವಿರುದ್ಧ. 70 ವರ್ಷ ವಿಭೂತಿ ಹಚ್ಚಿ, ತಗ್ಗಿದ ತಲೆ ಎತ್ತದೆ ನಡೆದವರು ಈಗ ಸೊಸೆಯ ಎದುರು ಹೊಲಸು ಮಾತಾಡುತ್ತಾರೆ, ನೀರು ತಂದವಳ ಕೈ ಹಿಡಿಯುತ್ತಾರೆ. “ಮುಪ್ಪಿನಾಗ ಚಟ” ಅನ್ನುತ್ತದೆ ಓಣಿ. ನನಗೆ ಹಾಗನ್ನಿಸುವುದಿಲ್ಲ. ಹಣೆಯ ಹಿಂದಿನ ಮೆದುಳು ನಮ್ಮ ನಾಲಗೆಗೂ ಕೈಗೂ ಲಗಾಮು. ಅಲ್ಲಿಗೆ ರಕ್ತ ಹರಿಯದೆ ಪೆಟ್ಟಾದರೆ ಲಗಾಮು ಕಳಚುತ್ತದೆ. ಹಾಗಂತ ಆ ಹುಡುಗಿ ಸಹಿಸಿಕೊಂಡಿರಬೇಕಿಲ್ಲ. ಕೈ ಬಿಡಿಸಿಕೊಂಡು “ಬ್ಯಾಡ್ರಿ” ಎಂದು ಗಟ್ಟಿಯಾಗಿ ಹೇಳಲಿ, ನಾಳೆಯಿಂದ ನೀರು ಮಗನೇ ಕೊಡಲಿ. ನರರೋಗದ ಡಾಕ್ಟರಿಗೆ ಇದನ್ನು ಮುಚ್ಚಿಡದೆ ಹೇಳಲಿ.

ಇನ್ನು ನಿಮ್ಮ ಉದಗೀರದ ಡಾಕ್ಟರು. ಅವರಿಗೆ ಇಷ್ಟು ಹೇಳಿದರೆ ಸಾಕು: “ಡಾಕ್ಟರ್, ಲಕವ್ಯಾನಂತರ ಆಮ್ಚಂ ನವರಾ-ಬಾಯಕೋಚಂ ನಾತಂ ಬದಲಲಂಯ್” (ಲಕ್ವ ಆದ ಮೇಲೆ ನಮ್ಮ ಗಂಡ-ಹೆಂಡತಿ ಸಂಬಂಧ ಬದಲಾಗಿದೆ). ಅವರು ತಲೆ ಎತ್ತದೆ ಚೀಟಿ ಬರೆಯುತ್ತಲೇ ಇದ್ದರೆ, ಯಜಮಾನರ ಗುಳಿಗೆಗಳ ಪಟ್ಟಿಯನ್ನು ಆ ಚೀಟಿಯ ಮೇಲೇ ಇಟ್ಟು ಇನ್ನೊಮ್ಮೆ ಹೇಳಿ.

ನಿಮ್ಮ ಉತ್ತರಕ್ಕೆ ಕಾದಿರುತ್ತೇನೆ. ಈ ಸಲ ಅಕ್ಷರ ದೊಡ್ಡದಿರಲಿ.

ನಿಮ್ಮ ಗೆಳತಿ